ಉದ್ದ ಊರು, ಅಡ್ಡ ತಿಂಗಳು

ರಾಯಚೂರಿನ ಗಂಜ್ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಅಕ್ಕಿ ಗಿರಣಿಗಳು ಇನ್ನೂ ಸದ್ದು ಮಾಡಿಲ್ಲ. ಹೊಟ್ಟಿನ ರಾಶಿಯ ಮೇಲೆ ನಾಯಿಯೊಂದು ಮೈ ಚಾಚಿ ಮಲಗಿದೆ. ಎದುರಿನ ಹಳೆಯ ಕಟ್ಟಡದ ಬಾಗಿಲಲ್ಲಿ ದುರುಗಮ್ಮ ಚಪ್ಪಲಿ ಬಿಟ್ಟು, ಪಾದದ ಧೂಳು ಒರೆಸಿಕೊಂಡು, ಬೀಗ ತೆಗೆದು ಒಳಗೆ ಹೋಗುತ್ತಾರೆ. ದೀಪಕ್ಕೂ ಮೊದಲು ಅವರು ನೋಡುವುದು ಗೋಡೆಯ ಮೇಲಿನ ವೋಲ್ಟೇಜ್ ಮುಳ್ಳನ್ನು. ಮುಳ್ಳು ನೆಟ್ಟಗೆ ನಿಂತಿದೆ. ಕೆಲಸಕ್ಕೆ ಇದೇ ಹೊತ್ತು. ಗಿರಣಿಗಳು ಶುರುವಾದರೆ ಕರೆಂಟು ಕುಸಿಯುತ್ತದೆ, ಕರೆಂಟು ಕುಸಿದರೆ ಮೇಜಿನ ಮೇಲಿನ ಗಣಕಯಂತ್ರ ಅಲ್ಲಿಯವರೆಗೆ ಹೇಳಿಸಿಕೊಂಡದ್ದನ್ನೆಲ್ಲ ಮರೆತು ಕಪ್ಪು ಮುಖ ಮಾಡಿ ಕೂರುತ್ತದೆ.

"ಮಿಲ್ಲು ಏಳೂದ್ರಾಗ ಒಂದು ತಾಲೂಕು ಮುಗಸಬೇಕ್ರಿ," ಎನ್ನುತ್ತಾ ಅವರು ಫ್ಲಾಪಿಯನ್ನು ಬಟ್ಟೆಯ ಚೀಲದಿಂದ ತೆಗೆದು, ಬೆಳಕಿಗೆ ಹಿಡಿದು, ಊದದೆ ಒಳಗೆ ಸೇರಿಸುತ್ತಾರೆ. ಊದಿದರೆ ಎಂಜಲು ಹಾರುತ್ತದಂತೆ. ಮೇಜಿನ ಎಡಗಡೆ ಹಳ್ಳಿಗಳಿಂದ ಬಂದ ಹಾಳೆಗಳ ಕಟ್ಟು. ಮೊದಲ ಹಾಳೆ ಎತ್ತಿಕೊಂಡವರು ಅಂಕಿಗೆ ಕೈ ಹಚ್ಚುವುದಿಲ್ಲ. ಕೆಂಪು ಪೆನ್ಸಿಲಿನಿಂದ ಮೂಲೆಯಲ್ಲಿ ಒಂದು ಬಾಣ ಬರೆಯುತ್ತಾರೆ. ಊರುಗಳು ಯಾವ ಕಡೆಗೆ ಸಾಗಿವೆ, ತಿಂಗಳುಗಳು ಯಾವ ಕಡೆಗೆ ಎಂಬುದರ ಗುರುತು ಅದು. ಆಮೇಲಷ್ಟೇ ಬೆರಳು ಕೀಲಿಮಣೆಗೆ ಹೋಗುತ್ತದೆ.

ಮೂವತ್ತರ ಆಸುಪಾಸಿನ ದುರುಗಮ್ಮ ನಾರುಹುಣ್ಣಿನ ಸಮೀಕ್ಷೆಯ ಒಂದು ಸಣ್ಣ ಘಟಕದಲ್ಲಿ ಅಂಕಿ-ಅಂಶ ಸಹಾಯಕಿ. ದೇವದುರ್ಗ, ಮಾನವಿ ತಾಲ್ಲೂಕುಗಳ ಕಡೆಯವರಿಗೆ ಈ ಬೇನೆಯನ್ನು ಬಿಡಿಸಿ ಹೇಳಬೇಕಿಲ್ಲ. ಮೆಟ್ಟಿಲಿಳಿದು ತುಂಬುವ ಬಾವಿಯ ನೀರನ್ನು ಸೋಸದೆ ಕುಡಿದವರ ಮೈಯಲ್ಲಿ ದಾರದಂಥ ಹುಳು ಬೆಳೆಯುತ್ತದೆ. ವರ್ಷ ಕಳೆದ ಮೇಲೆ ಕಾಲಲ್ಲೋ ಮೊಣಕಾಲಲ್ಲೋ ಬೊಬ್ಬೆ ಎದ್ದು ಅದು ಹೊರಗೆ ಬರುತ್ತದೆ. ಉರಿ ತಡೆಯದೆ ಅವರು ಅದೇ ಬಾವಿಗೆ ಕಾಲಿಟ್ಟರೆ ಬೇನೆ ಊರಿಗೆಲ್ಲ ಹಂಚಿ ಹೋಗುತ್ತದೆ. ಯಾವ ಊರಲ್ಲಿ, ಯಾವ ತಿಂಗಳು, ಯಾವ ವಯಸ್ಸಿನ ಎಷ್ಟು ಮಂದಿಗೆ ಹುಳು ಎದ್ದಿತು ಎಂಬ ಅಂಕಿಗಳು ದುರುಗಮ್ಮನ ಮೇಜಿಗೆ ಬರುತ್ತವೆ. ಕೊಳವೆ ಬಾವಿ ಕೊರೆಯುವ ಲಾರಿ ಯಾವ ಊರಿಗೆ ಹೋಗಬೇಕು, ಔಷಧಿಯ ಡಬ್ಬಿ ಯಾವ ಬಾವಿಗೆ ಎಂಬುದು ಅವರು ತೆಗೆದುಕೊಡುವ ಕೋಷ್ಟಕದ ಮೇಲೆ ನಿಂತಿದೆ.

ಅವರ ಎಡಗಾಲ ಹಿಮ್ಮಡಿಯ ಮೇಲೆ ಗೋಡಂಬಿಯಷ್ಟು ದೊಡ್ಡ ಕಲೆ ಇದೆ. ಜಾಲಹಳ್ಳಿಯ ಹತ್ತಿರದ ಒಂದು ಹಳ್ಳಿಯಲ್ಲಿ, ಊರ ಹೊರಗಿನ ಕೇರಿಯಲ್ಲಿ ಅವರು ಹುಟ್ಟಿದ್ದು. ಗಡಗಡಿ ಹಾಕಿ ಸೇದುವ ಬಾವಿ ಊರ ಒಳಗಿತ್ತು, ಕೇರಿಯವರ ಕೊಡ ಅಲ್ಲಿಗೆ ಹೋಗುವಂತಿರಲಿಲ್ಲ. ಕೇರಿಗೆ ಇದ್ದದ್ದು ಇಳಿದು ತುಂಬುವ ಬಾವಿ ಒಂದೇ. "ಎರಡನೇ ಇಯತ್ತೆದಾಗ ಇದ್ದೆ. ನಾರು ಎದ್ದಿತು. ನಮ್ಮವ್ವ ಬೇವಿನ ಕಡ್ಡಿಗೆ ಅದನ್ನ ದಿನಾ ಒಂದೀಟು ಸುತ್ತತಿದ್ದಳು. ಹರದ್ರ ಕಾಲ ಹೋಗತದಂತ ಎಲ್ಲಾರೂ ಅಂಜಿಸ್ತಿದ್ರು. ಬ್ಯಾಸಿಗಿ ಪೂರಾ ನಾ ಹೊರಸಿನ ಮ್ಯಾಲ," ಎನ್ನುತ್ತಾರೆ. ಮುಂದೆ ತಾಯಿ ಮೂಕಮ್ಮ ಹತ್ತಿಯ ಜಿನ್ನಿಂಗ್ ಕೂಲಿಗೆಂದು ರಾಯಚೂರಿಗೆ ಬಂದರು. ಮಗಳು ಹಾಸ್ಟೆಲಿನಲ್ಲಿದ್ದು ಲೆಕ್ಕದ ವಿಷಯದಲ್ಲಿ ಬಿ.ಎಸ್ಸಿ. ಮುಗಿಸಿದಳು. ಘಟಕಕ್ಕೆ ತಾತ್ಕಾಲಿಕ ನೇಮಕವಾದಾಗ ಕಚೇರಿಯವರೇ ಹೈದರಾಬಾದಿಗೆ ಕಳಿಸಿ ಬೇಸಿಕ್ ಎಂಬ ಗಣಕಯಂತ್ರದ ಭಾಷೆ ಕಲಿಸಿದರು.

ಅಲ್ಲಿ ಕಲಿತದ್ದನ್ನು ಅವರು ತಮ್ಮ ಮಾತಿನಲ್ಲಿ ಹೀಗೆ ಹೇಳುತ್ತಾರೆ: "ಊರಿನ ಹೆಸರು ಒಂದು ಸಾಲಿನ್ಯಾಗ ಕುಂತಿರತಾವ, ಒಂದು, ಎರಡು, ಮೂರು ಅಂತ. ಅಂಕಿ ಬ್ಯಾರೆ ಕಡಿಗೆ, ಖಾನಿಯೊಳಗ. ಉದ್ದ ಊರು, ಅಡ್ಡ ತಿಂಗಳು, ಹಾಳಿ ಹಿಂದ ಹಾಳಿ ಇಟ್ಟಂಗ ಹಿಂದಕ ವಯಸ್ಸು. ನಾಕನೇ ಊರಿನ ಅಂಕಿ ನಾಕನೇ ಸಾಲಿನ್ಯಾಗ ಇರಬೇಕು, ಅಷ್ಟ. ಆ ಊರಿಗೂ ಆ ಅಂಕಿಗೂ ಬ್ಯಾರೆ ಸಂಬಂಧ ಇಲ್ಲ. ಜಾಗ ತಪ್ಪಿದ್ರ ಅಂಕಿ ಸುಳ್ಳಾಗಂಗಿಲ್ರಿ, ಬ್ಯಾರೆಯವ್ರದಾಗತದ."

ಈ ಮಾತು ಹೇಳುವಾಗ ಅವರ ದನಿ ಸ್ವಲ್ಪ ಇಳಿಯುತ್ತದೆ. ಅದಕ್ಕೆ ಎರಡು ವರ್ಷ ಹಿಂದಿನ ಬೇಸಿಗೆ ಕಾರಣ.

೧೯೮೬ರ ಮಾರ್ಚ್. ಕೊರೆಯುವ ಲಾರಿ ಮಾನವಿ ತಾಲ್ಲೂಕಿಗೆ ಸಿಕ್ಕಿದ್ದು ಕೆಲವೇ ದಿನಕ್ಕೆ, ಆಮೇಲೆ ಅದು ಬೇರೆ ಜಿಲ್ಲೆಗೆ ಹೋಗಬೇಕು. ಹಿಂದಿನ ವರ್ಷವಿಡೀ ಸಮೀಕ್ಷೆ ನಡೆದ ಹನ್ನೆರಡು ಊರುಗಳಲ್ಲಿ ಮೂರಕ್ಕೆ ಮಾತ್ರ ಬೋರು. ಯಾವ ಮೂರು ಎಂದು ಗಣಕಯಂತ್ರ ಹೇಳಿತು: ಪಟ್ಟಿಯ ನಾಲ್ಕನೆಯ ಊರು ಸಂಕದಿನ್ನಿ, ಐದನೆಯದು ತಿಪ್ಪನಹಟ್ಟಿ, ಮತ್ತೆ ಆರನೆಯದು. ಮೂರರಲ್ಲೂ ನಾರುಹುಣ್ಣಿನ ಅಂಕಿ ಉಳಿದ ಊರುಗಳ ಹತ್ತು ಪಟ್ಟು. ಅಂಕಿ-ಅಂಶ ಅಧಿಕಾರಿ ವಿರೂಪಣ್ಣ ಒಟ್ಟು ಮೊತ್ತವನ್ನು ಕೈಯಿಂದ ಕೂಡಿ ತಾಳೆ ನೋಡಿ ವರದಿಗೆ ಸಹಿ ಹಾಕಿದರು. ಲಾರಿ ಹೊರಟಿತು.

ಅದಾದ ಎರಡನೇ ದಿನ ಬೆಳಿಗ್ಗೆ ದುರುಗಮ್ಮ ಅದೇ ಅಂಕಿಗಳನ್ನು ತಿಂಗಳವಾರು ತೆಗೆಯಲು ಕೂತರು. ವರದಿಯಲ್ಲಿ ಊರುಗಳ ಮೊತ್ತ ಮಾತ್ರ ಇತ್ತು, ತಿಂಗಳ ಲೆಕ್ಕವನ್ನು ಯಾರೂ ಕೇಳಿರಲಿಲ್ಲ. ಪ್ರಿಂಟರ್ ಕಿರುಗುಟ್ಟುತ್ತಾ ಕಾಗದ ಹೊರಹಾಕಿತು. ದೇವದುರ್ಗದ ಅಂಕಿ ಏಪ್ರಿಲ್, ಮೇ, ಜೂನಿನಲ್ಲಿ ಏರಿ ಇಳಿದಿತ್ತು. ಮಾನವಿಯದು ಬೇಸಿಗೆಯಲ್ಲಿ ಸುಮ್ಮನಿದ್ದು ಸೆಪ್ಟೆಂಬರಿನಲ್ಲೂ ನವೆಂಬರಿನಲ್ಲೂ ಏರಿತ್ತು.

"ನೋಡಿದ ಕೂಡಲೆ ಎರಡೂ ಕಾಗದ ಬಾಜು ಬಾಜು ಇಟ್ಟು ಮತ್ತ ಓದಿದೆ," ಎನ್ನುತ್ತಾರೆ. "ನಾರು ಏಳೂದು ಬ್ಯಾಸಿಗಿಯೊಳಗ. ನಾ ಮಲಗಿ ನೋಡೀನಲ್ರಿ. ಗಣೇಶನ ಹಬ್ಬಕ್ಕ, ದೀಪಾವಳಿಗೆ ಮಾನವಿಯವ್ರಿಗೇ ಯಾಕ ಏಳತದ?"

ಏನಾಗಿದೆ ಎಂದು ಊಹಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹಾಳೆಯಲ್ಲಿ ಊರುಗಳು ಒಂದರ ಕೆಳಗೊಂದು, ತಿಂಗಳುಗಳು ಪಕ್ಕಪಕ್ಕ ಇರುತ್ತವೆ ಎಂದು ನಂಬಿ ಪ್ರೋಗ್ರಾಂ ಬರೆದದ್ದು. ಮಾನವಿಯ ಹಾಳೆಯೇನಾದರೂ ಅಡ್ಡಲಾಗಿದ್ದು, ಊರುಗಳು ಪಕ್ಕಪಕ್ಕ, ತಿಂಗಳು ಕೆಳಕ್ಕೆ ಇದ್ದಿದ್ದರೆ? ಆಗ ನಾಲ್ಕನೆಯ ತಿಂಗಳಾದ ಏಪ್ರಿಲಿನ ಅಂಕಿಯೆಲ್ಲ ನಾಲ್ಕನೆಯ ಊರಿನ ಖಾನೆಗೆ ಹೋಗಿರುತ್ತದೆ. ಮೇ ತಿಂಗಳದ್ದು ಐದನೆಯ ಊರಿಗೆ, ಜೂನಿನದು ಆರನೆಯದಕ್ಕೆ. ದೇವದುರ್ಗದಲ್ಲಿ ಹೀಗಾಗಿದ್ದರೆ ಅಲ್ಲಿಯ ಊರುಗಳು ಹೆಚ್ಚಿರುವುದರಿಂದ ಅಂಕಿ ಖಾನೆ ಮೀರಿ ಯಂತ್ರವೇ ತಕರಾರು ತೆಗೆಯುತ್ತಿತ್ತು. ಮಾನವಿಯಲ್ಲಿ ಆ ಸಲ ಊರು ಹನ್ನೆರಡು, ತಿಂಗಳೂ ಹನ್ನೆರಡು. ಚೌಕ ಸರಿಯಾಗಿ ಕೂತಿತ್ತು. ಯಂತ್ರ ತುಟಿ ಪಿಟಕ್ಕೆನ್ನಲಿಲ್ಲ.

ಹಾಗಿದ್ದರೆ ಸೆಪ್ಟೆಂಬರಿನ ಏರಿಕೆ ನಿಜವಾಗಿ ಒಂಬತ್ತನೆಯ ಊರಿನದು, ನವೆಂಬರಿನದು ಹನ್ನೊಂದನೆಯದರದು. ಒಂಬತ್ತನೆಯ ಊರು ಮರಳಿಹಾಳ. ವರದಿಯಲ್ಲಿ ಅದಕ್ಕೆ ಬೋರೂ ಇಲ್ಲ, ಔಷಧಿಯೂ ಇಲ್ಲ.

ಹಾಳೆಗಳನ್ನು ಕೀಲಿಮಣೆಗೆ ಹಾಕಿದ್ದು ದುರುಗಮ್ಮನೇ. ಆದರೆ ಮೂಲ ಹಾಳೆಗಳು ಮಾನವಿಗೆ ಮರಳಿ ಹೋಗಿದ್ದವು, ಅವುಗಳ ಗೆರೆ ಹೇಗಿತ್ತೆಂದು ನೆನಪಾಗುತ್ತಿರಲಿಲ್ಲ. ಊಹೆ ತಪ್ಪಾಗಿದ್ದರೆ ಸುಮ್ಮನೆ ಲಾರಿ ನಿಲ್ಲಿಸಿದ ಕೆಟ್ಟ ಹೆಸರು. ಸರಿಯಾಗಿದ್ದರೆ ತಪ್ಪು ತಮ್ಮದು, ಅದೂ ತಮ್ಮ ತಾತ್ಕಾಲಿಕ ನೇಮಕ ಮುಂದುವರಿಸುವ ಕಾಗದ ಮುಂದಿನ ತಿಂಗಳು ಸಹಿಗೆ ಹೋಗುವುದಿದ್ದಾಗ. ವಿರೂಪಣ್ಣ ಬರುವವರೆಗೆ ಅವರು ಕಾಗದ ಹಿಡಿದು ಮೆಟ್ಟಿಲ ಮೇಲೆ ನಿಂತೇ ಇದ್ದರು.

"ಒಟ್ಟು ತಾಳಿ ಆಗೇದಲ್ಲವಾ ದುರುಗಮ್ಮ, ನಾನೇ ಕೂಡೀನಿ," ಎಂದರು ವಿರೂಪಣ್ಣ.

"ತಿರುವಿ ಹಾಕಿದ್ರೂ ಒಟ್ಟು ಅಷ್ಟೇ ಬರತದ ಸರ್. ಹೋದ ಅಂಕಿ ಒಂದೂ ಇಲ್ಲ. ಇದ್ದ ಜಾಗ ಬ್ಯಾರೆ."

ವಿರೂಪಣ್ಣ ಕಾಗದದ ಮೇಲೆ ಬೆರಳಾಡಿಸಿದರು. ಪ್ರೋಗ್ರಾಂ ಬರೆದವರು ಅವರೇ, ಒಮ್ಮೆ ಹೇಳಿದ್ದು ಸಾಕಾಯಿತು. ಮಾನವಿಗೆ ಟ್ರಂಕ್ ಕಾಲ್ ಹಚ್ಚಿಸಿದರು, ಲೈನು ಸಿಗಲಿಲ್ಲ. "ಖಾತ್ರಿ ಇಲ್ದ ಲಾರಿ ನಿಲ್ಸು ಅಂತ ಜಿಲ್ಲಾ ಸಾಹೇಬ್ರಿಗೆ ನಾ ಹೆಂಗ ಹೇಳ್ಲಿ? ನೀ ಈಗಿಂದೀಗ ಹೋಗು. ಹಾಳಿ ನೋಡು. ಖರೇ ಇದ್ರ ಮಾನವಿ ಪೋಸ್ಟ್ ಆಫೀಸಿನಿಂದ ತಾರು ಕೊಡು. ಹುಕುಂ ಬದಲಿ ಮಾಡ್ಸೂದು ನನ್ನ ಕೆಲಸ." ಹೊರಟವರನ್ನು ಕರೆದು, "ತಪ್ಪು ಯಾರದು ಅನ್ನೂದು ಆಮ್ಯಾಲ ನೋಡೂಣು," ಎಂದರು.

ಮಾನವಿಯ ಬಸ್ಸು ಕಲ್ಲೂರಿನಲ್ಲಿ ಟೈರು ಕೆಟ್ಟು ನಿಂತಿತು. ಡ್ರೈವರು ಜಾಕ್ ಹುಡುಕುತ್ತಿದ್ದಾಗ ದುರುಗಮ್ಮ ರಸ್ತೆಯಲ್ಲಿ ನಿಂತು, ಈ ಹೊತ್ತಿಗೆ ಲಾರಿ ಎಷ್ಟು ಅಡಿ ಇಳಿದಿರಬಹುದೆಂದು ನೆನೆಸುತ್ತಿದ್ದರಂತೆ. ತಮ್ಮ ಊಹೆ ಸುಳ್ಳಾಗಲೆಂದು ಬೇಡಿಕೊಂಡದ್ದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

ಮಾನವಿಯ ಹಾಳೆಗಳನ್ನು ತುಂಬಿದವರು ಆರೋಗ್ಯ ಸಹಾಯಕ ವಲಿ ಪಾಷಾ. ಸೈಕಲ್ಲಿನ ಮೇಲೆ ಹನ್ನೆರಡೂ ಊರು ಸುತ್ತುವ ಮನುಷ್ಯ. ಮನೆಯಲ್ಲಿ ಅವರಿರಲಿಲ್ಲ, ಲಾರಿಯ ಜೊತೆ ಸಂಕದಿನ್ನಿಗೆ ಹೋಗಿದ್ದರು. ಹೆಂಡತಿ ಖುರ್ಷೀದ್ ಬೇಗಂ ಒಳಗೆ ಕರೆದು ನೀರು ಕೊಟ್ಟರು.

"ಅಕ್ಕಾ, ಹ್ವಾದ ವರ್ಷದ ಹಾಳಿ ಹೆಂಗ ಗೆರಿ ಹೊಡದಿದ್ರು, ನಿಮಗೇನರ ಗೊತ್ತದೇನ್ರಿ?"

"ಗೊತ್ತಿಲ್ದ ಏನವಾ. ನಾನೇ ಹೊಡದೀನಿ," ಎಂದರು ಆಕೆ. "ಆಫೀಸಿನ ಗೆರಿ ಛಾಪಿಸಿದ ಕಾಗದ ಖತಂ ಆಗಿತ್ತು. ಇವರು ತಿಂಗಳಿಗೊಮ್ಮೆ ಸುತ್ತಿ ಬಂದು ಒಂದು ಸಾಲು ಬರೀತಾರ. ಅದಕ್ಕ ಊರು ಎಲ್ಲಾ ಮ್ಯಾಲ ಬರದು, ತಿಂಗಳ ಬದಿಗೆ ಇಟ್ಟೆ. ಬರಿಯೂದು ಆಸಾನ್ ಆಗತದ ಅಂತ. ಯಾಕ, ಗಲತ್ ಆತೇನು?"

"ನಿಮ್ಮದೇನೂ ತಪ್ಪಿಲ್ಲಕ್ಕಾ," ಎಂದು ದುರುಗಮ್ಮ ಲೋಟ ಕೆಳಗಿಟ್ಟು ಎದ್ದರು. ಪೋಸ್ಟ್ ಆಫೀಸಿಗೆ ಓಡಿ ಟೆಲಿಗ್ರಾಂ ಕೊಟ್ಟರು. ಅಲ್ಲಿಂದ ಸಂಕದಿನ್ನಿ ಕಡೆ ಹೋಗುವ ಟ್ರ್ಯಾಕ್ಟರ್ ಹತ್ತಿದರು.

ಅರ್ಧ ಮೈಲಿ ದೂರಕ್ಕೇ ಲಾರಿಯ ಸದ್ದು ಕೇಳುತ್ತಿತ್ತು. ಬೂದಿಬಣ್ಣದ ಕಲ್ಲುಪುಡಿ ಮುಗಿಲಿಗೆ ಹಾರುತ್ತಿತ್ತು. ಹೆಂಗಸರು ಖಾಲಿ ಕೊಡ ಹೊತ್ತುಕೊಂಡೇ ಬಂದು ನಿಂತಿದ್ದರು. ವಲಿ ಪಾಷಾ ಮುಖ ತುಂಬ ಧೂಳು ಮೆತ್ತಿಕೊಂಡು ನಗುತ್ತಾ ಎದುರು ಬಂದರು. ದುರುಗಮ್ಮ ಅವರನ್ನು ಬೇವಿನ ಗಿಡದ ಹಿಂದಕ್ಕೆ ಕರೆದು ವಿಷಯ ಹೇಳಿದರು. ಪಾಷಾ ತೋಳಿನಿಂದ ಮುಖದ ಧೂಳು ಒರೆಸಿಕೊಂಡರು.

"ಮರಳಿಹಾಳ ಇಲ್ಲ ಅಂದಾಗನ ನನಗ ಅನುಮಾನ ಬಂದಿತ್ತು ತಂಗಿ," ಎಂದರು. "ಅಲ್ಲಿ ಮನಿಗೊಬ್ರು ಮಲಗ್ಯಾರ. ಕೇಳಿದ್ರ, ಕಂಪ್ಯೂಟರ್ ಲೆಕ್ಕ ಅದ, ತಪ್ಪಂಗಿಲ್ಲ ಅಂದ್ರು. ನಾನೂ ಸುಮ್ಮನಾದೆ."

ಪೈಪು ಆಗಲೇ ಅರ್ಧ ಇಳಿದಿತ್ತು. ಆ ಬೋರನ್ನು ಅಲ್ಲಿಗೇ ಬಿಡುವಂತಿಲ್ಲ, ಬಿಟ್ಟರೆ ಊರಿಗೂ ನೀರಿಲ್ಲ, ಪಟ್ಟ ಶ್ರಮವೂ ಹಾಳು. ಅದು ಮುಗಿಯಲಿ ಎಂದಾಯಿತು. ಆದರೆ ಮರುದಿನ ಬೆಳಿಗ್ಗೆ ಲಾರಿ ತಿಪ್ಪನಹಟ್ಟಿಗೆ ಹೊರಡುವುದಿತ್ತು. ಲಾರಿಯ ಮೇಸ್ತ್ರಿ ಕೈಯಾಡಿಸಿದ: "ನನ್ನ ಕೈಯಾಗ ಮೂರು ಊರಿನ ಹುಕುಂ ಅದರಿ. ಇಲ್ಲಿ ಬಿಟ್ಟು ಅಲ್ಲಿ ಹೋಗು ಅಂತ ನೀವು ಬಾಯಿಲೆ ಹೇಳಿದ್ರ ನನ್ನ ನೌಕರಿ ಹೋಗತದ. ಕಾಗದ ತರ್ರಿ."

ಸಂಜೆ ಸಂಕದಿನ್ನಿಯಲ್ಲಿ ನೀರು ಚಿಮ್ಮಿತು. ಊರು ಕುಣಿಯಿತು. ಯಾರೋ ದುರುಗಮ್ಮನ ಕೈಗೂ ಬೆಲ್ಲ ಇಟ್ಟರು. ಅದನ್ನು ಬಾಯಿಗೆ ಹಾಕಿಕೊಳ್ಳಲೂ ಆಗದೆ, ಕೆಳಗಿಡಲೂ ಆಗದೆ ಅವರು ರಸ್ತೆಯ ಕಡೆ ನೋಡುತ್ತಿದ್ದರು. ತಾರು ತಲುಪಿತೋ ಇಲ್ಲವೋ. ತಲುಪಿದ್ದರೂ ಸಾಹೇಬರು ಒಪ್ಪಿದರೋ ಇಲ್ಲವೋ. ಜೀಪು ಬರಲಿಲ್ಲ.

ಬೆಳಗಾಯಿತು. ಮೇಸ್ತ್ರಿ ಲಾರಿ ಚಾಲೂ ಮಾಡಿದ. ಮಾಡಲು ಬೇರೆ ದಾರಿ ಕಾಣದೆ ದುರುಗಮ್ಮನೂ ವಲಿ ಪಾಷಾರೂ ಅದೇ ಲಾರಿ ಹತ್ತಿದರು. ತಿಪ್ಪನಹಟ್ಟಿಯವರು ಹಳ್ಳದ ದಂಡೆ ಕಡಿದು ಲಾರಿಗೆ ದಾರಿ ಮಾಡಿದ್ದರು. ಬೋರು ಬೀಳುವ ಜಾಗಕ್ಕೆ ಸಗಣಿ ಸಾರಿಸಿ ರಂಗೋಲಿ ಇಟ್ಟಿದ್ದರು. ಲಾರಿ ಹಿಂದೆಮುಂದೆ ಆಡಿ ರಂಗೋಲಿಯ ಹತ್ತಿರ ನಿಂತು, ಆಳುಗಳು ಕಬ್ಬಿಣದ ಕಾಲು ಊರುತ್ತಿದ್ದಾಗ ಹಳ್ಳದ ಆಚೆ ಜೀಪಿನ ಹಾರ್ನ್ ಕೇಳಿತು. ವಿರೂಪಣ್ಣ ಬಂದಿದ್ದರು. ಸಾಹೇಬರ ಮನೆಬಾಗಿಲಲ್ಲಿ ಕಾದು ಸಹಿ ಹಾಕಿಸಿಕೊಂಡು, ಕತ್ತಲಿರುವಾಗಲೇ ಹೊರಟು, ಮೊದಲು ಸಂಕದಿನ್ನಿಗೆ ಹೋಗಿ ಅಲ್ಲಿಂದ ಬೆನ್ನಟ್ಟಿ ಬಂದಿದ್ದರು. ಹುಕುಂ ಬದಲಾಗಿತ್ತು: ತಿಪ್ಪನಹಟ್ಟಿ ಮತ್ತು ಆರನೆಯ ಊರಿನ ಬದಲು ಲಾರಿ ಮರಳಿಹಾಳಕ್ಕೆ, ಆಮೇಲೆ ಹನ್ನೊಂದನೆಯ ಊರಿಗೆ.

ಊರಿಗೆ ಹೇಳುವವರು ಯಾರು? ವಿರೂಪಣ್ಣ ಬಾಯಿ ತೆರೆಯುವ ಮೊದಲೇ ದುರುಗಮ್ಮ ಮುಂದೆ ಬಂದು ಹೇಳಿದರು. ಅಂಕಿ ಹಾಕುವಾಗ ತಮ್ಮಿಂದ ತಪ್ಪಾಗಿದೆ, ಲಾರಿ ಮರಳಿಹಾಳಕ್ಕೆ ಹೋಗಬೇಕಾದದ್ದು ಎಂದರು. ಗಂಡಸರು ಕೂಗಾಡಿದರು. ಮರಳಿಹಾಳದವರು ಯಾರನ್ನೋ ಹಿಡಿದು ಲಾರಿ ತಿರುಗಿಸಿದ್ದಾರೆ ಎಂದು ಒಬ್ಬ ಲಾರಿಯ ಮುಂದೆ ಅಡ್ಡ ಮಲಗಿದ. ವಿರೂಪಣ್ಣ ಅವನ ಪಕ್ಕ ಮಣ್ಣಿನಲ್ಲಿ ಕೂತು ಬಹಳ ಹೊತ್ತು ಸಮಾಧಾನ ಹೇಳಿದರು. ಹೆಂಗಸರ ಗುಂಪಿನಿಂದ ಒಬ್ಬಾಕೆ ಕೋಲೂರಿಕೊಂಡು ಹೊರಗೆ ಬಂದಳು. ಹೆಸರು ಆದೆಮ್ಮ. ಬಲಗಾಲಿಗೆ ಬಟ್ಟೆ ಸುತ್ತಿತ್ತು.

"ನಮ್ಮೂರಾಗ ನಾರು ಇಲ್ಲೇನವಾ?" ಎಂದು ಕೇಳಿದಳು.

"ಅದ ಯವ್ವಾ. ಆದ್ರ ಅಲ್ಲಿ ಹೆಚ್ಚದ."

ಆದೆಮ್ಮ ಕಾಲಿನ ಬಟ್ಟೆ ಬಿಚ್ಚಿದಳು. ಕಡ್ಡಿಗೆ ಸುತ್ತಿದ ಬಿಳಿ ದಾರ ಗಾಯದ ಮೇಲೆ ಕೂತಿತ್ತು. "ಇದು ಎದ್ದಾಕಿಗೆ ಹೆಚ್ಚೇನು, ಕಡಿಮಿ ಏನು?" ಎಂದಳು. ದನಿ ಏರಿಸಲಿಲ್ಲ. ಬಟ್ಟೆ ಮತ್ತೆ ಸುತ್ತಿಕೊಂಡು ಗುಂಪಿಗೆ ಮರಳಿದಳು.

ದುರುಗಮ್ಮ ಈಗ ಹೇಳುವುದು ಇಷ್ಟು: "ಲಾರಿ ಮರಳಿಹಾಳಕ್ಕ ಹೋಗೂದು ಖರೇ ಇತ್ತು. ಆಕಿ ಕೇಳಿದ್ದೂ ಖರೇ ಇತ್ತು."

ಮರಳಿಹಾಳದಲ್ಲಿ ಮೊದಲ ಬೋರು ಒಣಗಿ ಹೋಯಿತು. ಎರಡನೆಯದಕ್ಕೆ ನೀರು ಸಿಕ್ಕಾಗ ಲಾರಿಯ ದಿನಗಳು ತೀರಿದ್ದವು, ಹನ್ನೊಂದನೆಯ ಊರಿಗೆ ಅದು ಹೋಗಲಾಗಲಿಲ್ಲ. ಅಲ್ಲಿಗೂ ತಿಪ್ಪನಹಟ್ಟಿಗೂ ಆ ಬೇಸಿಗೆಯಲ್ಲಿ ಹೋದದ್ದು ಬಾವಿಯ ಔಷಧಿ ಮತ್ತು ನೀರು ಸೋಸುವ ಬಟ್ಟೆ ಮಾತ್ರ. ವಲಿ ಪಾಷಾ ಹೆಂಗಸರನ್ನು ಕೂರಿಸಿ ಬಟ್ಟೆ ಕಟ್ಟುವುದನ್ನು ತೋರಿಸಿದರು. ತಿಪ್ಪನಹಟ್ಟಿಗೆ ಬೋರು ಬಂದದ್ದು ಮರುವರ್ಷ. ಕಚೇರಿಯಲ್ಲಿ ವಿಚಾರಣೆ ನಡೆಯಿತು, ದುರುಗಮ್ಮನಿಂದಲೂ ವಿರೂಪಣ್ಣನವರಿಂದಲೂ ಬರೆಸಿಕೊಂಡರು. ನೇಮಕದ ಕಾಗದ ತಡವಾಗಿ ಬಂತು, ಬಂತು ಎಂಬುದೇ ಸಮಾಧಾನ. ಈಗ ದುರುಗಮ್ಮ ಪ್ರತಿ ಅಂಕಿಯನ್ನೂ ಎರಡು ಸಲ ಹಾಕುತ್ತಾರೆ, ಒಮ್ಮೆ ಊರಿನ ಕಡೆಯಿಂದ, ಒಮ್ಮೆ ತಿಂಗಳ ಕಡೆಯಿಂದ. ಎರಡೂ ಒಂದೇ ಖಾನೆಯಲ್ಲಿ ಬಂದು ಕೂತರಷ್ಟೇ ಪ್ರಿಂಟು.

ಕಳೆದ ಎರಡು ಬೇಸಿಗೆಗಳಲ್ಲಿ ಮರಳಿಹಾಳದ ಅಂಕಿ ಇಳಿಯುತ್ತಾ ಬಂದಿದೆ. ದುರುಗಮ್ಮನಿಗೆ ಈಗ ಕಾಡುತ್ತಿರುವ ಸಂಕಟ ಬೇರೆ. ಖಾನೆಗಳನ್ನು ತೆರೆ ಎಂದು ಹೇಳಿದ ಕೂಡಲೇ ಯಂತ್ರ ಎಲ್ಲದರಲ್ಲೂ ತಾನೇ ಸೊನ್ನೆ ಇಟ್ಟುಕೊಳ್ಳುತ್ತದೆ. ಬೇನೆ ಇಲ್ಲದ ಊರಿಗೂ ಸೊನ್ನೆ, ಯಾರೂ ಹೋಗಿ ಕೇಳದ ಊರಿಗೂ ಸೊನ್ನೆ. ಕಾಗದದ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಹಾಗಾಗಿ ಪ್ರೋಗ್ರಾಂ ತಿದ್ದಿ, ಮೊದಲು ಎಲ್ಲ ಖಾನೆಗೂ, ಮಂದಿಯ ಲೆಕ್ಕದಲ್ಲಿ ಎಂದೂ ಬರಲಾರದ ಮೈನಸ್ ಒಂದು ತುಂಬಿಸುತ್ತಾರೆ. ಯಾರಾದರೂ ಊರಿಗೆ ಹೋಗಿ ಬಂದ ಮೇಲೆ ಮಾತ್ರ ಅದು ಅಳಿದು ಅಂಕಿ ಬೀಳುತ್ತದೆ. ತಿಂಗಳ ಕೊನೆಗೆ ಮೈನಸ್ ಒಂದು ಉಳಿದಿದ್ದರೆ ವಲಿ ಪಾಷಾರಂಥ ಆರೋಗ್ಯ ಸಹಾಯಕರಿಗೆ ಕಾರ್ಡು ಬರೆಯುತ್ತಾರೆ. ರಜೆ ಇದ್ದರೆ ತಾವೇ ಬಸ್ಸು ಹತ್ತುತ್ತಾರೆ. ಹೋದ ತಿಂಗಳು ದೇವದುರ್ಗದ ಕಡೆ ಅಂಥ ಒಂದು ಊರಿಗೆ ಹೋದರೆ, ಸೊನ್ನೆ ಬಿದ್ದಿದ್ದ ಪಕ್ಕದ ಊರಿನಲ್ಲಿ ಸಮೀಕ್ಷೆಯವರು ಊರೊಳಗೆ ಮಾತ್ರ ಕೇಳಿಕೊಂಡು ಕೇರಿಯನ್ನು ಬಿಟ್ಟು ಬಂದದ್ದು ಗೊತ್ತಾಯಿತು. ಕೇರಿಯಲ್ಲಿ ಮೂವರು ಮಲಗಿದ್ದರು.

ಹೊರಗೆ ಗಿರಣಿಯೊಂದು ಶುರುವಾಗುತ್ತದೆ. ವೋಲ್ಟೇಜ್ ಮುಳ್ಳು ನಡುಗುತ್ತದೆ. ದುರುಗಮ್ಮ ಅವಸರದಲ್ಲಿ ಫ್ಲಾಪಿ ತೆಗೆದು ಯಂತ್ರ ಆರಿಸುತ್ತಾರೆ. ಮುಂದೆ ಏನಾಗಬೇಕೆಂಬ ಆಸೆ ಇದೆ ಎಂದು ಕೇಳಿದರೆ ಮೊದಲು ನಗುತ್ತಾರೆ. ಆಮೇಲೆ ಹಾಳೆಗಳನ್ನು ಕಟ್ಟುತ್ತಲೇ ಹೇಳುತ್ತಾರೆ:

"ಎಲ್ಲಾ ಊರು, ಎಲ್ಲಾ ತಿಂಗಳು, ಎಲ್ಲಾ ವಯಸ್ಸು, ಒಂದು ವರ್ಷಾದ್ರೂ ಪೂರಾ ಸೊನ್ನಿ ಬರಬೇಕ್ರಿ. ಅದೂ ಯಂತ್ರ ಇಟ್ಟ ಸೊನ್ನಿ ಅಲ್ಲ. ನಾವು ಮನಿ ಮನಿಗೆ ಹೋಗಿ, ಕಾಲು ನೋಡಿ ಬಂದ ಸೊನ್ನಿ."